ಶಾಪದ ಕವಚ, ಕವಚದೊಳಗಿನ ರಕ್ಕಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆ ಕನ್ನಡದಲ್ಲೇ ಫ್ಯಾಂಟಸಿ ರೋಲ್‌ಪ್ಲೇ ಆಟ (ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಕಥೆ ನಡೆಸುವ ಮೇಜಿನ ಆಟ) ನಡೆಸುವವರಿಗಾಗಿ ಈ ಪುಟ. ಇಲ್ಲಿನ ಲೆಕ್ಕಗಳೆಲ್ಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ 2014ರ ನಿಯಮಕ್ಕೆ ಹೊಂದಿಸಿದಂಥವು. ಬೇರೆ ಪದ್ಧತಿ ಆಡುವವರು ಅಂಕಿಗಳನ್ನು ಬದಲಿಸಿಕೊಳ್ಳಬಹುದು.

ಶಾಪದ ಕವಚ ಅಂದರೆ ಆಟಗಾರರನ್ನು ಬೀಳಿಸೋ ಖೆಡ್ಡಾ ತಾನೇ?

ಹಾಗಂದುಕೊಂಡೇ ಹೆಚ್ಚಿನವರು ಕೆಡಿಸಿಕೊಳ್ಳುವುದು. ಮೂಲ ನಿಯಮದ ‘ಆರ್ಮರ್ ಆಫ್ ವಲ್ನರಬಿಲಿಟಿ’ಯನ್ನೇ ನೋಡಿ. ಕಡಿತ, ಚುಚ್ಚು, ಜಜ್ಜು ಎಂಬ ಮೂರು ಬಗೆಯ ಪೆಟ್ಟಿನಲ್ಲಿ ಒಂದಕ್ಕೆ ಅರ್ಧ ಹಾನಿ, ಉಳಿದೆರಡಕ್ಕೂ ಇಮ್ಮಡಿ. ಮೂರರಿಂದಲೂ ಹತ್ತತ್ತು ಹಾನಿ ಬಿತ್ತು ಅನ್ನಿ. ಕವಚವಿಲ್ಲದಿದ್ದರೆ 30, ಇದ್ದರೆ 5+20+20, ಅಂದರೆ 45. ಹಾಕಿಕೊಂಡವನು ಒಂದೂವರೆ ಪಟ್ಟು ಏಟು ತಿನ್ನುತ್ತಾನೆ. ಗುಟ್ಟು ಗೊತ್ತಾದ ಕೂಡಲೇ ಕಿತ್ತೆಸೆಯಲು ಓಡುತ್ತಾನೆ, ಶಾಪದ ಕಥೆ ಅಲ್ಲಿಗೇ ಮುಗಿಯಿತು.

ನಮ್ಮ ಅಳತೆಗೋಲು ಬೇರೆ: ಶಾಪ ಏನೆಂದು ಪೂರ್ತಿ ಗೊತ್ತಾದ ಮೇಲೂ ಆಟಗಾರ ‘ಇರಲಿ, ಇನ್ನೊಂದು ದಿನ ಹಾಕ್ಕೊಂಡಿರ್ತೀನಿ’ ಅನ್ನಬೇಕು. ಹಾಗನ್ನಿಸದ ಕವಚ ಬರೀ ದಂಡ.

ಹಾಗಾದರೆ ಒಳ್ಳೆಯ ಶಾಪ ಬರೆಯೋದು ಹೇಗೆ?

ಮಾದರಿಗೆ ದೂರ ಹೋಗಬೇಕಿಲ್ಲ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲರಾಯನಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಅದರ ಬೆನ್ನಿಗೇ ಹುಟ್ಟಿದ, ತಿರುಮಲರಾಯನ ಮಡದಿ ಅಲಮೇಲಮ್ಮನ ಐತಿಹ್ಯ ಈ ಸೀಮೆಯಲ್ಲಿ ಎಲ್ಲರಿಗೂ ಬಾಯಿಪಾಠ. ಒಡವೆ ಕೇಳಿಕೊಂಡು ಬಂದವರಿಗೆ ಸಿಗದೆ ಆಕೆ ಕಾವೇರಿಗೆ ಹಾರುತ್ತಾಳೆ: ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ.’

ಆಟ ಕಟ್ಟುವವರ ಕಣ್ಣಿನಿಂದ ಇದನ್ನು ಬಿಡಿಸಿ ನೋಡಿ. ಕಾರಣ ಸ್ಪಷ್ಟವಾಗಿದೆ: ಬಲವಂತದಿಂದ ಕಿತ್ತುಕೊಳ್ಳಲು ಬಂದದ್ದು. ತಟ್ಟುವುದು ಯಾರಿಗೆ ಎಂಬುದೂ ಸ್ಪಷ್ಟ. ಫಲ ಕಣ್ಣಿಗೆ ಕಾಣುವಂಥದ್ದು, ಮರಳು ಮತ್ತು ಮಡು, ಯಾರು ಬೇಕಾದರೂ ಹೋಗಿ ನೋಡಬಹುದು. ‘ನಿನಗೆ ಎಲ್ಲದರಲ್ಲೂ ಮೈನಸ್ 2’ ಎಂಬ ಶಾಪದಲ್ಲಿ ಇದೊಂದೂ ಇಲ್ಲ. ಪುರಾಣಗಳು ಇದಕ್ಕೆ ಇನ್ನೊಂದನ್ನು ಸೇರಿಸುತ್ತವೆ: ಶಾಪ ಕೊಟ್ಟವರ ಬಾಯಿಂದಲೇ ವಿಮೋಚನೆಯ ದಾರಿಯೂ ಬರುತ್ತದೆ. ಕಾರಣ, ಗುರಿ, ಕಾಣುವ ಫಲ, ವಿಮೋಚನೆ ನಾಲ್ಕನ್ನೂ ಒಂದೊಂದು ಸಾಲಿನಲ್ಲಿ ಬರೆದಿಟ್ಟುಕೊಂಡ ಮೇಲಷ್ಟೇ ಅಂಕಿಗೆ ಕೈ ಹಾಕಿ.

ಒಂದು ಪೂರ್ತಿ ಉದಾಹರಣೆ ಕೊಡಿ.

ಮರಳು ಜೋಡು (ಜೋಡು ಅಂದರೆ ಕವಚ). ಸರಪಣಿ ಅಂಗಿ, ಅಂದರೆ ಚೈನ್ ಮೇಲ್. ಎಸಿ (ಏಟು ತಾಗಲು ಎದುರಾಳಿ ದಾಳದಲ್ಲಿ ಮುಟ್ಟಬೇಕಾದ ಅಂಕಿ) 16, ಬಲ 13 ಬೇಕು, ಅಟ್ಯೂನ್ ಆಗಬೇಕು, ಅಂದರೆ ವಸ್ತುವಿನೊಡನೆ ನಂಟು ಕಟ್ಟಿಕೊಳ್ಳಬೇಕು. 3ರಿಂದ 6ನೇ ಲೆವೆಲ್‌ಗೆ ಸರಿ.

ಲಾಭ: ಮಾಯೆಯಿಲ್ಲದ ಆಯುಧದ ಪ್ರತಿ ಪೆಟ್ಟಿನಲ್ಲೂ 3 ಹಾನಿ ಕಡಿಮೆ. ಕೊಂಡಿಗಳ ನಡುವಿಂದ ಮರಳು ಜಾರಿ ಏಟನ್ನು ನುಂಗುತ್ತದೆ.

ಶಾಪ: ಹಾಗೆ ನುಂಗಿದಾಗಲೆಲ್ಲ ಕವಚದೊಳಗೆ ಒಂದು ಪಾವು ಮರಳು ಸೇರುತ್ತದೆ. ನಾಲ್ಕು ಪಾವಿಗೆ ಒಂದು ಸೇರು, ಪ್ರತಿ ಸೇರಿಗೂ ನಡಿಗೆಯ ವೇಗ 5 ಅಡಿ ಇಳಿಕೆ. ಎರಡು ಸೇರು ಆದ ಮೇಲೆ ಈಜುವ ಚೆಕ್‌ಗಳಿಗೆಲ್ಲ (ದಾಳದ ಪರೀಕ್ಷೆಗಳಿಗೆಲ್ಲ) ಡಿಸ್‌ಅಡ್ವಾಂಟೇಜ್, ಅಂದರೆ ಎರಡು ಸಲ ಉರುಳಿಸಿ ಕಡಿಮೆ ಬಿದ್ದದ್ದನ್ನೇ ಹಿಡಿಯುವುದು. ಆರು ಸೇರಾದರೆ 30 ಅಡಿ ವೇಗದವನು ನಿಂತಲ್ಲೇ ನಿಂತ. ಮರಳಿರುವಷ್ಟು ಹೊತ್ತೂ ಕವಚ ಬಿಚ್ಚಲು ಬರುವುದಿಲ್ಲ.

ತಾತ್ಕಾಲಿಕ ದಾರಿ: ಹರಿಯುವ ನೀರಿನಲ್ಲಿ ಒಂದು ಗಂಟೆ ಕೂತರೆ ಎರಡು ಸೇರು ತೊಳೆದುಹೋಗುತ್ತದೆ. ಕೆರೆ, ಬಾವಿ, ಕಲ್ಯಾಣಿ ನಡೆಯುವುದಿಲ್ಲ, ಹೊಳೆಯೋ ನಾಲೆಯೋ ಆಗಬೇಕು.

ವಿಮೋಚನೆ: ಬಲವಂತದಿಂದ ಪಡೆದ ಬೆಲೆಬಾಳುವ ಒಂದು ವಸ್ತುವನ್ನು ಅದರ ವಾರಸುದಾರರ ಕೈಗೆ, ನಾಲ್ಕು ಜನರ ಎದುರು ಒಪ್ಪಿಸಬೇಕು. ಆಗ ಮರಳು ಬರುವುದು ನಿಲ್ಲುತ್ತದೆ, ಹಾನಿ ಕಡಿತ 3ರಿಂದ 1ಕ್ಕೆ ಇಳಿದು ಉಳಿಯುತ್ತದೆ.

ಲೆಕ್ಕ ಹೀಗೆ: ಮುಂದೆ ನಿಂತು ಕಾದಾಡುವವನಿಗೆ ಒಂದು ಕಾಳಗದಲ್ಲಿ ನಾಲ್ಕೈದು ಏಟು ಬೀಳುವುದು ಸಹಜ. ಅಂದರೆ ಕಾಳಗಕ್ಕೆ ಸುಮಾರು ಒಂದು ಸೇರು ಮರಳು, 12ರಿಂದ 15 ಹಾನಿಯ ಉಳಿತಾಯ. ಮೂರು ಕಾಳಗದ ನಂತರ ವೇಗ 15 ಅಡಿ. ಆಗ ಇಡೀ ತಂಡ ನಕಾಶೆಯಲ್ಲಿ ಹೊಳೆ ಎಲ್ಲಿದೆ ಎಂದು ಹುಡುಕಲು ಶುರುಮಾಡುತ್ತದೆ. ನಮಗೆ ಬೇಕಾದದ್ದೂ ಅದೇ.

ಪಾವಿನ ಲೆಕ್ಕವನ್ನು ಕ್ಯಾರೆಕ್ಟರ್ ಶೀಟಿನಲ್ಲಿ ಬರೆಸಬೇಡಿ, ಮರೆತುಹೋಗುತ್ತದೆ. ಮೇಜಿನ ನಡುವೆ ಒಂದು ಲೋಟ ಇಟ್ಟು ಪಾವಿಗೊಂದು ಹುಣಸೆಬೀಜ ಹಾಕಿಸಿ. ಬೀಜ ಬೀಳುವ ಸದ್ದು ಎಲ್ಲರಿಗೂ ಕೇಳಿಸುತ್ತದೆ.

‘ಐಡೆಂಟಿಫೈ’ ಮಂತ್ರ ಹಾಕಿದರೆ ಶಾಪ ಗೊತ್ತಾಗಿಬಿಡಲ್ವಾ?

ಇಲ್ಲ. ನಿಯಮದ ಪ್ರಕಾರ ಆ ಮಂತ್ರವೂ ಸೇರಿದಂತೆ ಗುರುತಿಸುವ ಹೆಚ್ಚಿನ ದಾರಿಗಳು ಶಾಪವನ್ನು ತೋರಿಸುವುದಿಲ್ಲ, ಹಳೆಯ ಕಥೆಗಳಿಂದ ಸುಳಿವು ಸಿಗಬಹುದು ಅಷ್ಟೇ. ಆದರೆ 100 ಚಿನ್ನದ ನಾಣ್ಯದ ಮುತ್ತು ಹಿಡಿದು ಮಂತ್ರ ಹಾಕಿದವನಿಗೆ ‘ಏನೂ ತೊಂದರೆ ಇಲ್ಲ’ ಎಂದು ಹೇಳಿ ಆಮೇಲೆ ಶಾಪ ತೆಗೆದರೆ, ಅವನು ಮುಂದೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಲಾಭವನ್ನೆಲ್ಲ ಹೇಳಿ, ಜೊತೆಗೆ ಒಂದು ಅಪಶಕುನ ಕೊಡಿ: ‘ಕೊಂಡಿಗಳ ಸಂದಿಯಲ್ಲಿ ಎಷ್ಟು ಒರೆಸಿದರೂ ಮರಳು ಬರ್ತಾನೇ ಇದೆ.’

ಐದನೇ ಲೆವೆಲ್ ಆದ ಕೂಡಲೇ ಪೂಜಾರಿ ಪಾತ್ರದವನು ‘ರಿಮೂವ್ ಕರ್ಸ್’ ಹಾಕಿ ಎಲ್ಲ ಮುಗಿಸಿಬಿಡ್ತಾನೆ. ಏನು ಮಾಡೋದು?

ಅದು 3ನೇ ಹಂತದ ಮಂತ್ರ, ಕ್ಲೆರಿಕ್‌ಗೂ (ಪೂಜಾರಿ) ವಿಜರ್ಡ್‌ಗೂ (ಮಾಂತ್ರಿಕ) 5ನೇ ಲೆವೆಲ್‌ನಲ್ಲಿ ಸಿಗುತ್ತದೆ, ಸಾಮಗ್ರಿಯ ಖರ್ಚೂ ಇಲ್ಲ. ಆದರೆ ಮಂತ್ರದ ಮಾತನ್ನು ಸರಿಯಾಗಿ ಓದಿ. ಶಾಪಗ್ರಸ್ತ ವಸ್ತುವಿನ ಮೇಲೆ ಹಾಕಿದರೆ ವಸ್ತುವಿನ ಶಾಪ ಹೋಗುವುದಿಲ್ಲ, ಒಡೆಯನಿಗೂ ವಸ್ತುವಿಗೂ ಇರುವ ಅಟ್ಯೂನ್ ನಂಟು ಮಾತ್ರ ಕಡಿಯುತ್ತದೆ. ಆಗ ಅವನು ಕವಚ ತೆಗೆದಿಡಬಹುದು, ಅದರ ಲಾಭವೂ ಅಲ್ಲಿಗೆ ಹೋಯಿತು. ಬೇಕೆಂದರೆ ಒಂದು ಗಂಟೆಯ ಶಾರ್ಟ್ ರೆಸ್ಟ್‌ನಲ್ಲಿ ಮತ್ತೆ ಅಟ್ಯೂನ್ ಆಗಬೇಕು, ಶಾಪ ಅಲ್ಲೇ ಕಾದಿರುತ್ತದೆ.

ಕವಚ ನಿಜಕ್ಕೂ ಆಸೆ ಹುಟ್ಟಿಸುವಂತಿದ್ದರೆ ಈ ಮಂತ್ರ ಆಟವನ್ನು ಕೆಡಿಸುವುದಿಲ್ಲ, ತುರ್ತಿಗೆ ಒಂದು ಬಾಗಿಲು ಅಷ್ಟೇ. ಕೆಲವರು ‘ಈ ಶಾಪಕ್ಕೆ ಆ ಮಂತ್ರ ತಟ್ಟಲ್ಲ’ ಎಂದು ಸುಮ್ಮನೆ ಕಟ್ಟುಹಾಕುತ್ತಾರೆ. ಅದು ಆಟಗಾರ ಗಳಿಸಿದ ಶಕ್ತಿಯನ್ನು ಕಸಿದುಕೊಂಡ ಹಾಗೆ. ಮಾಡಲೇಬೇಕೆಂದಿದ್ದರೆ ಆಟ ಶುರುವಾಗುವ ದಿನವೇ ಹೇಳಿ.

ನಮ್ಮ ಹುಡುಗರು ಪಾಳುಗುಡಿಯಲ್ಲಿ ಕವಚ ಕಂಡರೆ ಕೋಲಿನಿಂದಲೂ ಮುಟ್ಟಲ್ಲ.

ಹಿಂದೆ ಯಾರೋ ಬೆನ್ನುಬೆನ್ನಿಗೆ ಅವರಿಗೆ ಟೋಪಿ ಹಾಕಿದ್ದಾರೆ. ಮುಂದಿನ ಎರಡು ಮೂರು ಕವಚಗಳಲ್ಲಿ ಶಾಪವನ್ನು ಮೊದಲೇ ಬಾಯಿಬಿಟ್ಟು ಹೇಳಿ, ಚೌಕಾಸಿಗೆ ಬಿಡಿ.

ಅಂಥ ಚೌಕಾಸಿಗೆ ಒಗ್ಗುವ ಕವಚ ಯಾವುದಾದರೂ?

ನಾಳೆಬಾ ಜೋಡು. ರಾತ್ರಿ ಹೊತ್ತು ಪರಿಚಿತ ದನಿಯಲ್ಲಿ ಕರೆಯುವ ದೆವ್ವಕ್ಕೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ಸಾಗಹಾಕುವ ಕಥೆ ಗೊತ್ತಲ್ಲ, ಇಲ್ಲಿ ಸಾವಿಗೇ ಹಾಗೆ ಹೇಳುವುದು. ತೊಗಲಿನ ಕವಚ, ಎಸಿ 11 ಮತ್ತು ಚುರುಕಿನ ಮಾಡಿಫೈಯರ್, ಎದೆಯ ಮೇಲೆ ಸುಣ್ಣದಲ್ಲಿ ಬರೆದ ಮೂರು ಅಕ್ಷರದ ಗುರುತು.

ಏಟು ಬಿದ್ದಾಗ ಧರಿಸಿದವನು ರಿಯಾಕ್ಷನ್ (ಬೇರೆಯವರ ಸರದಿಯಲ್ಲೂ ಮಾಡಬಹುದಾದ ದಿಢೀರ್ ಪ್ರತಿಕ್ರಿಯೆ) ಬಳಸಿ ‘ನಾಳೆ ಬಾ’ ಎಂದರೆ ಆ ಒಂದು ಏಟಿನ ಹಾನಿಯೆಲ್ಲ ಮರುದಿನದ ಸೂರ್ಯೋದಯಕ್ಕೆ ಮುಂದಕ್ಕೆ ಹೋಗುತ್ತದೆ. ದಿನಕ್ಕೆ ಎಷ್ಟು ಸಲ ಬೇಕಾದರೂ ಹೇಳಬಹುದು. ಪ್ರತಿ ಸಲಕ್ಕೂ 1ಡಿ6 (ಆರು ಮುಖದ ಒಂದು ದಾಳದಲ್ಲಿ ಬಿದ್ದಷ್ಟು) ಬಡ್ಡಿ. ಬೆಳಗಾದ ಕೂಡಲೇ ಅಸಲು, ಬಡ್ಡಿ ಎರಡೂ ಒಂದೇ ಏಟಾಗಿ ಬೀಳುತ್ತದೆ. ಆ ಏಟನ್ನು ಮತ್ತೆ ಮುಂದೂಡಲು ಬರುವುದಿಲ್ಲ. ಕವಚ ಬಿಚ್ಚಿದರೆ ಸಾಲ ಆ ಕ್ಷಣವೇ ವಸೂಲಿ.

ಇಲ್ಲಿ ಒಂದು ನಿಯಮವನ್ನು ಡಿಎಂ, ಅಂದರೆ ಆಟ ನಡೆಸುವವರು, ಮರೆಯಬಾರದು. ಎಚ್‌ಪಿ (ಪ್ರಾಣಬಲದ ಅಂಕಿ) ಸೊನ್ನೆಯಾದ ಮೇಲೂ ಉಳಿದ ಹಾನಿ ಪೂರ್ಣ ಎಚ್‌ಪಿಯಷ್ಟು ಅಥವಾ ಹೆಚ್ಚಿದ್ದರೆ ಸಾವು ನೇರ, ಡೆತ್ ಸೇವ್ (ಬದುಕುಳಿಯಲು ಉರುಳಿಸುವ ದಾಳ) ಇಲ್ಲ. ಪೂರ್ತಿ ಗಟ್ಟಿಯಾಗಿರುವ 24 ಎಚ್‌ಪಿಯವನಿಗೆ ಮಿತಿ 48. ಮೂರು ಸಲ 12ರ ಏಟು ಮುಂದೂಡಿದರೆ 36, ಬಡ್ಡಿ ಸರಾಸರಿ 10.5. ಅಂಚಿನಲ್ಲೇ ನಿಂತ. ನಾಲ್ಕನೆಯದು ಮುಂದೂಡುವ ಮೊದಲು ಈ ಲೆಕ್ಕವನ್ನು ಆಟಗಾರನಿಗೆ ನೀವೇ ಒಮ್ಮೆ ಗಟ್ಟಿಯಾಗಿ ಹೇಳಿ. ಆಮೇಲೂ ‘ನಾಳೆ ಬಾ’ ಅಂದರೆ ಅದು ಅವನ ಇಷ್ಟ.

ವಿಮೋಚನೆ: ಒಂದು ರಾತ್ರಿಯ ಸಾಲವನ್ನು ಇನ್ನೊಬ್ಬರು ಮನಸಾರೆ ತಮ್ಮ ಮೈಮೇಲೆ ಹಾಕಿಕೊಳ್ಳಬೇಕು.

ಒಳಗೆ ಯಾರೂ ಇಲ್ಲದೆ ಓಡಾಡುವ ಕವಚವನ್ನು ಹೊಸಬರ ಮೇಲೆ ಬಿಡಬಹುದಾ?

ಒಂದೇ ಆದರೆ ಬಿಡಿ. ‘ಅನಿಮೇಟೆಡ್ ಆರ್ಮರ್’ನ ಅಂಕಿ: ಎಸಿ 18, ಎಚ್‌ಪಿ 33, ವೇಗ 25 ಅಡಿ, ಚಾಲೆಂಜ್ (ಎಷ್ಟು ಕಠಿಣ ಎಂಬ ಅಂಕಿ) 1, ಒಂದು ಸರದಿಗೆ +4ರಲ್ಲಿ (ದಾಳಕ್ಕೆ 4 ಕೂಡಿಸಿ) ಎರಡು ಗುದ್ದು, ಗುದ್ದಿಗೆ 1ಡಿ6+2. ಮೊದಲ ಲೆವೆಲ್‌ನ ನಾಲ್ವರಿಗೆ ಇದರ 200 ಎಕ್ಸ್‌ಪಿ (ಅನುಭವದ ಅಂಕ) ಮಧ್ಯಮ ಕಾಳಗ. ಎರಡು ಬಿಟ್ಟರೆ 400, ಅದಕ್ಕೆ ಗುಂಪಿನ ಗುಣಕ ಒಂದೂವರೆ, 600 ಆಯಿತು. ಅವರ ‘ಪ್ರಾಣಾಂತಕ’ ಮಿತಿಯೇ 400. ‘ಬಾಗಿಲಿನ ಆಚೆಗೊಂದು ಈಚೆಗೊಂದು ಚೆನ್ನಾಗಿ ಕಾಣುತ್ತೆ’ ಎಂದು ಜೋಡಿ ನಿಲ್ಲಿಸಿದವರ ಆಟ ಮೊದಲ ದಿನವೇ ಮುಗಿಯುವುದು ಇದಕ್ಕೇ.

ಒಂಟಿ ಕವಚದಲ್ಲೂ ಒಂದು ಬೇಸರವಿದೆ. +5ರಲ್ಲಿ ಹೊಡೆಯುವವನಿಗೆ ದಾಳದಲ್ಲಿ 13 ಬೀಳಬೇಕು, ಅಂದರೆ ನೂರಕ್ಕೆ 40. ಐದರಲ್ಲಿ ಮೂರು ಏಟು ಹುಸಿ. ನಿದ್ದೆಯ ಮಂತ್ರವೂ ತಟ್ಟುವುದಿಲ್ಲ, ಏಕೆಂದರೆ ವಶೀಕರಣ ತಟ್ಟದ ಜೀವಿಗೆ ‘ಸ್ಲೀಪ್’ ಕೆಲಸ ಮಾಡದು. ವಿಷವೂ ವ್ಯರ್ಥ. ಹಾಗಾಗಿ ಕತ್ತಿಯಲ್ಲದ ದಾರಿಯೊಂದನ್ನು ಕೋಣೆಯಲ್ಲೇ ಇಡಿ.

ನಮ್ಮ ಕಡೆಗೆ ಸಹಜವಾಗಿ ಒಗ್ಗುವುದು ಆಯುಧಶಾಲೆ. ಮಹಾನವಮಿಯ ಆಯುಧಪೂಜೆಯಲ್ಲಿ ಎಲ್ಲ ಆಯುಧಕ್ಕೂ ಕುಂಕುಮ ಬಿದ್ದಿದೆ, ಮೂಲೆಯ ಒಂದು ಕವಚ ಮಾತ್ರ ತಪ್ಪಿಹೋಗಿದೆ. ಅದೇ ಎದ್ದು ಬರುವುದು. ಒಂದು ಆಕ್ಷನ್ ಖರ್ಚು ಮಾಡಿ ಅದರ ಎದುರು ಬೂದುಗುಂಬಳಕಾಯಿ ಒಡೆದರೆ ಒಂದು ಸುತ್ತು ತಟಸ್ಥ. ಎದೆಗೆ ಕುಂಕುಮ ಹಚ್ಚಲು ಹತ್ತಿರ ಹೋಗಿ ಅಥ್ಲೆಟಿಕ್ಸ್ ಅಥವಾ ಅಕ್ರೊಬ್ಯಾಟಿಕ್ಸ್ ಡಿಸಿ 12 (ಪರೀಕ್ಷೆಯಲ್ಲಿ ಮುಟ್ಟಬೇಕಾದ ಅಂಕಿ), ಮೂರು ಸಲ ಗೆದ್ದರೆ ಕವಚ ತನ್ನ ಪೀಠಕ್ಕೆ ಮರಳುತ್ತದೆ. ಕುಂಬಳಕಾಯಿ ಎರಡೇ ಇರಲಿ.

ಯಾವ ಆಯುಧವೂ ತಾಗದ ಕವಚದ ರಾಕ್ಷಸ ಬೇಕು. ಆದರೆ ಆಟಗಾರರು ಸಿಟ್ಟಾಗಬಾರದು.

ಮಹಾಭಾರತದ ದ್ರೋಣಪರ್ವದಲ್ಲಿ ಇದಕ್ಕೆ ಉತ್ತರವಿದೆ. ದ್ರೋಣ ಮಂತ್ರಿಸಿ ಕಟ್ಟಿದ ಕವಚ ತೊಟ್ಟು ಬಂದ ದುರ್ಯೋಧನನಿಗೆ ಅರ್ಜುನನ ಬಾಣ ನಾಟುವುದಿಲ್ಲ. ಅರ್ಜುನ ಕವಚವನ್ನು ಬಿಟ್ಟು ಕುದುರೆ, ಬಿಲ್ಲು, ರಥ ಹೊಡೆದು, ಕೊನೆಗೆ ಕವಚ ಮುಚ್ಚದ ಅಂಗೈಗೆ ಗುರಿಯಿಟ್ಟು ಓಡಿಸುತ್ತಾನೆ. ಅಂದರೆ ತಾಗದ ಕವಚಕ್ಕೆ ಒಂದು ತೆರೆದ ಜಾಗ ಇರಲೇಬೇಕು, ಅದು ಎರಡನೇ ಸುತ್ತು ಮುಗಿಯುವುದರೊಳಗೆ ಕಣ್ಣಿಗೆ ಬೀಳಬೇಕು. ‘ಮೈಗೆ ಬಿದ್ದ ಬಾಣ ಸಿಡಿಯಿತು, ಕೈ ಹತ್ತಿರ ಬಂದದ್ದನ್ನು ಮಾತ್ರ ಅವನು ತಪ್ಪಿಸಿಕೊಂಡ’ ಎಂದರೆ ಸಾಕು.

ಇನ್ನೂ ದೊಡ್ಡ ಕಾಳಗಕ್ಕೆ ಸಹಸ್ರಕವಚನ ಕಥೆ ತೆಗೆದುಕೊಳ್ಳಿ. ಸಾವಿರ ಕವಚದ ಅಸುರ, ಒಂದು ಕವಚ ಒಡೆದವನಿಗೆ ಸಾವು. ನರ, ನಾರಾಯಣರು ಸರದಿಯ ಮೇಲೆ ಕಾದುತ್ತಾರೆ, ಒಬ್ಬ ಬಿದ್ದರೆ ಇನ್ನೊಬ್ಬ ಎಬ್ಬಿಸುತ್ತಾನೆ. 5ನೇ ಲೆವೆಲ್‌ನ ನಾಲ್ವರಿಗೆ ನಾಲ್ಕು ಪದರ ಸಾಕು, ಪದರಕ್ಕೆ 30 ಎಚ್‌ಪಿ. ಆ ಮಟ್ಟದ ತಂಡ ಸುತ್ತಿಗೆ ಸುಮಾರು 40 ಹಾನಿ ಕೊಡುತ್ತದೆ, ಸುತ್ತಿಗೊಂದು ಪದರ ಎಂದಿಟ್ಟುಕೊಂಡರೆ ನಾಲ್ಕೈದು ಸುತ್ತಿನ ಕಾಳಗ. ಪದರ ಒಡೆದವನು ಕಾನ್‌ಸ್ಟಿಟ್ಯೂಷನ್ ಸೇವ್ (ಮೈಗಟ್ಟಿತನದಿಂದ ತಡೆದುಕೊಳ್ಳುವ ದಾಳ) ಡಿಸಿ 14 ಮಾಡಬೇಕು, ಸೋತರೆ ಎಚ್‌ಪಿ ಸೊನ್ನೆ, ಗೆದ್ದರೆ ಇದ್ದದ್ದರಲ್ಲಿ ಅರ್ಧ. ಮೂಲಕಥೆಯ ಹಾಗೆ ನೇರ ಸಾವು ಇಡಬೇಡಿ, ಕೊನೆಯ ಏಟು ಹೊಡೆಯಲು ಯಾರೂ ಮುಂದೆ ಬರುವುದಿಲ್ಲ.

ಒಂದು ಪದರದ ಮಿಕ್ಕ ಹಾನಿ ಮುಂದಿನ ಪದರಕ್ಕೆ ಹೋಗಕೂಡದು. ಹೋದರೆ ಪ್ಯಾಲಡಿನ್ (ಧರ್ಮಯೋಧ) ಒಂದೇ ಕ್ರಿಟಿಕಲ್‌ನಲ್ಲಿ (ದಾಳದಲ್ಲಿ ಗರಿಷ್ಠ ಬಿದ್ದ ಏಟಿನಲ್ಲಿ) ಎರಡು ಪದರ ಹರಿದು, ‘ಯಾರು ಒಡೆಯೋದು’ ಎಂಬ ಚರ್ಚೆಯೇ ಇಲ್ಲವಾಗುತ್ತದೆ. ಈ ರಾಕ್ಷಸನ ಸೊಗಸೆಲ್ಲ ಆ ಚರ್ಚೆಯಲ್ಲೇ ಇರುವುದು.

ರಕ್ತಬೀಜಾಸುರನನ್ನು ತಂದಿದ್ದೆವು, ಒಂದು ಸುತ್ತು ಮುಗಿಯೋಕೆ ಮುಕ್ಕಾಲು ಗಂಟೆ ಆಯ್ತು. ಎಲ್ಲಿ ತಪ್ಪಿತು?

ನೆಲಕ್ಕೆ ಬಿದ್ದ ಒಂದೊಂದು ತೊಟ್ಟು ರಕ್ತಕ್ಕೂ ಹೊಸ ಅಸುರನೊಬ್ಬ ಹುಟ್ಟುವ ಕಥೆಯ ಹಾಗೇ ಬಿಟ್ಟಿರುತ್ತೀರಿ. ಹನ್ನೆರಡು ಮರಿಗಳಿಗೂ ಒಂದೊಂದು ದಾಳ ಉರುಳಿಸುವಷ್ಟರಲ್ಲಿ ಆಟಗಾರರು ಮೊಬೈಲ್ ತೆಗೆದಿರುತ್ತಾರೆ. ಹೀಗೆ ಬಿಗಿ ಮಾಡಿ. ತಾಯಿಗೆ ‘ಓಗರ್’ನ ಅಂಕಿ ಕೊಡಿ: ಎಸಿ 11, ಎಚ್‌ಪಿ 59. ಕಡಿತ ಅಥವಾ ಚುಚ್ಚಿನಿಂದ 5 ಅಥವಾ ಹೆಚ್ಚು ಹಾನಿಯಾದರೆ ಮಾತ್ರ ಒಂದು ಮರಿ. ಜಜ್ಜು, ಬೆಂಕಿಗೆ ಮರಿಯಿಲ್ಲ. ಒಮ್ಮೆಗೆ ಆರಕ್ಕಿಂತ ಹೆಚ್ಚು ಮರಿ ಬೇಡ. ಮರಿಗೆ ಎಸಿ 13, ಎಚ್‌ಪಿ 1, +4ರಲ್ಲಿ ಹೊಡೆತ, ಹಾನಿ ದಾಳವಿಲ್ಲದೆ ನೇರ 3. ಎಲ್ಲ ಮರಿಗೂ ಒಂದೇ ಸರದಿ.

ಕಾಳಿ ನಾಲಗೆ ಚಾಚಿ ರಕ್ತ ನೆಲಕ್ಕೆ ಬೀಳದಂತೆ ತಡೆದದ್ದನ್ನೂ ನಿಯಮವಾಗಿಸಿ. ಪಕ್ಕದಲ್ಲಿ ನಿಂತವನು ರಿಯಾಕ್ಷನ್ ಕೊಟ್ಟು ಗುರಾಣಿ, ಕಂಬಳಿ, ಕೊಡ ಏನನ್ನಾದರೂ ಒಡ್ಡಿದರೆ ಆ ಮರಿ ಹುಟ್ಟುವುದಿಲ್ಲ.

ಮಹಿಷಾಸುರನನ್ನು ವೈರಿಯಾಗಿ ಇಡಬಹುದಾ?

ಮೊದಲು ಮೇಜಿನಲ್ಲಿ ಕೇಳಿ. ಚಾಮುಂಡಿಬೆಟ್ಟದ ಪ್ರತಿಮೆ ಎಲ್ಲರಿಗೂ ಗೊತ್ತು, ಮೈಸೂರಿನಲ್ಲಿ ಮಹಿಷನನ್ನು ಗೌರವದಿಂದ ಕಾಣುವವರೂ ಇದ್ದಾರೆ. ಹೆಸರು ಬದಲಿಸಿದರೂ ಆಟಕ್ಕೆ ನಷ್ಟವಿಲ್ಲ, ಏಕೆಂದರೆ ಬೇಕಿರುವುದು ರೂಪಾಂತರದ ಕ್ರಮ: ಕೋಣ, ಸಿಂಹ, ಖಡ್ಗಧಾರಿ ಮನುಷ್ಯ, ಆನೆ, ಮತ್ತೆ ಕೋಣ. ಎಚ್‌ಪಿಯನ್ನು ಐದು ಪಾಲು ಮಾಡಿ, ಪಾಲು ಮುಗಿದಾಗ ರೂಪ ಬದಲಾಗಲಿ, ಮೇಲಿದ್ದ ಕಟ್ಟು, ಪಾಶ ಎಲ್ಲ ಕಳಚಲಿ. ದೇವರ ಒಡವೆ, ಕಿರೀಟಗಳನ್ನು ಶಾಪದ ವಸ್ತುವಾಗಿ ತರಬೇಡಿ. ಊರಿನಲ್ಲಿ ಜಗಳ ತಂದುಕೊಳ್ಳುವಷ್ಟು ರುಚಿ ಅದರಲ್ಲಿಲ್ಲ.

ಮಂಡ್ಯ ಕಡೆಯ ಕಾಳಗಕ್ಕೆ ಒಳ್ಳೆ ಜಾಗ?

ರಾತ್ರಿ ಹೊತ್ತಿನ ಕಬ್ಬಿನ ಗದ್ದೆ. ಆಳೆತ್ತರ ಮೀರಿದ ಬೆಳೆ, ಸಾಲು ಬಿಟ್ಟರೆ 5 ಅಡಿಗಿಂತ ಆಚೆ ಕಾಣದು. ಬಿಲ್ಲುಗಾರ ಕೈಕಟ್ಟಿ ಕೂರುತ್ತಾನೆ. ಕೊಳ್ಳಿದೆವ್ವಕ್ಕೆ ‘ವಿಲ್-ಒ-ವಿಸ್ಪ್’ನ ಅಂಕಿ ಹೊಂದುತ್ತದೆ (ಎಸಿ 19, ಎಚ್‌ಪಿ 22, ಚಾಲೆಂಜ್ 2). ಯಾರಾದರೂ ಬೆಂಕಿಯ ಮಂತ್ರ ಹಾಕಿದರೆ ಒಣಗಿದ ತರಗು ಹತ್ತಿಕೊಳ್ಳುತ್ತದೆ, ಸುತ್ತಿಗೆ 10 ಅಡಿ ಹಬ್ಬಲಿ. ಬೆಳೆಯ ನಷ್ಟ ಕೇಳಲು ಗದ್ದೆಯ ಯಜಮಾನ ಬೆಳಗ್ಗೆ ಬಂದೇ ಬರುತ್ತಾನೆ.

ಬೇಸಿಗೆಯಲ್ಲಿ ಪ್ಲೇಟ್ ಕವಚ ಹಾಕ್ಕೊಂಡು ಓಡಾಡೋದು ತಮಾಷೆ ಅನ್ಸಲ್ವಾ?

ಅನಿಸುತ್ತದೆ. 65 ಪೌಂಡ್, ಸುಮಾರು 29 ಕೆ.ಜಿ. ಉಕ್ಕು. ನಿಯಮದಲ್ಲೇ 100 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಹೆಚ್ಚಿದ್ದಾಗ ಕುಡಿಯುವ ನೀರಿಲ್ಲದವರಿಗೆ ಗಂಟೆಗೊಂದು ಸೇವ್ ಇದೆ, ಡಿಸಿ 5ರಿಂದ ಶುರುವಾಗಿ ಗಂಟೆಗೆ ಒಂದೊಂದು ಏರುತ್ತದೆ, ಮಧ್ಯಮ ಮತ್ತು ಭಾರಿ ಕವಚದವರಿಗೆ ಡಿಸ್‌ಅಡ್ವಾಂಟೇಜ್. ಈ ನೆಲದ ಕಥೆಗೆ ಹತ್ತಿ ತುಂಬಿ ಹೊಲಿದ ಕವಚ, ಸರಪಣಿ ಅಂಗಿಗಳೇ ಹೆಚ್ಚು ಸಹಜ. ಶಾಪಕ್ಕೂ ಅವೇ ಚೆಂದ, ಹೊಲಿಗೆಯೊಳಗೆ ಏನನ್ನು ಬೇಕಾದರೂ ಬಚ್ಚಿಡಬಹುದು.

ಇಪ್ಪತ್ತು ಮುಖದ ದಾಳ ಸಿಗಲಿಲ್ಲ. ಕವಡೆಯಲ್ಲಿ ಆಡಬಹುದಾ?

ಶಾಪದ ಪರೀಕ್ಷೆಗಳಿಗೆ ಧಾರಾಳವಾಗಿ. ಚೌಕಾಬಾರದ ನಾಲ್ಕು ಕವಡೆ ಸಾಕು. ಎರಡು ಬದಿಯೂ ಸಮನಾಗಿ ಬೀಳುತ್ತದೆಂದರೆ, 16ರಲ್ಲಿ 11 ಸಲ ಎರಡು ಅಥವಾ ಹೆಚ್ಚು ಬಾಯಿ ಮೇಲಾಗುತ್ತದೆ (ಸುಲಭ), 5 ಸಲ ಮೂರು ಅಥವಾ ಹೆಚ್ಚು (ಕಷ್ಟ), ಒಂದೇ ಸಲ ನಾಲ್ಕೂ. ತೊಂದರೆಯೆಂದರೆ ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ, ಹಾಗಾಗಿ ಬೀಳುವುದು ಸಮನಲ್ಲ. ಒಂದೊಂದನ್ನೂ 50 ಸಲ ಎಸೆದು ನೋಡಿ, ಬಾಯಿ ಮೇಲಾದದ್ದು 18ರಿಂದ 32ರ ಒಳಗಿದ್ದರೆ ಇಟ್ಟುಕೊಳ್ಳಿ. ಹುಣಸೆಬೀಜವನ್ನು ಒಂದು ಮಗ್ಗುಲು ಬೆಳ್ಳಗಾಗುವ ತನಕ ಕಲ್ಲಿಗೆ ಉಜ್ಜಿದರೂ ಆಗುತ್ತದೆ, ಆದರೆ ಉಜ್ಜಿದ ಮಗ್ಗುಲು ಚಪ್ಪಟೆಯಾಗುವುದರಿಂದ ಅದಕ್ಕೂ ಇದೇ ಪರೀಕ್ಷೆ ಬೇಕು.

ನಾವು ಬರೆದ ಕವಚ, ರಾಕ್ಷಸರನ್ನು ಪುಸ್ತಕ ಮಾಡಿ ಮಾರಬಹುದಾ?

ಐದನೇ ಆವೃತ್ತಿಯ ಮೂಲ ನಿಯಮಗಳ ದಾಖಲೆಯಾದ ಎಸ್‌ಆರ್‌ಡಿ 5.1 ಅನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಸಿಸಿ-ಬಿವೈ 4.0 ಪರವಾನಗಿಯಡಿ ಬಿಟ್ಟಿದ್ದಾರೆ. ಅದರಲ್ಲಿರುವ ನಿಯಮ, ರಾಕ್ಷಸರ ಅಂಕಿಗಳನ್ನು ಬಳಸಿ ಮಾರಬಹುದು, ದಾಖಲೆಯಲ್ಲೇ ಕೊಟ್ಟಿರುವ ಕೃತಜ್ಞತೆಯ ವಾಕ್ಯವನ್ನು ಹಾಕಬೇಕು. ಅನಿಮೇಟೆಡ್ ಆರ್ಮರ್, ಓಗರ್, ವಿಲ್-ಒ-ವಿಸ್ಪ್ ಮೂರೂ ಅದರಲ್ಲಿವೆ. ಬಿಹೋಲ್ಡರ್, ಮೈಂಡ್ ಫ್ಲೇಯರ್‌ಗಳ ಅಂಕಿ ಅದರಲ್ಲಿಲ್ಲ, ಅವನ್ನು ಮುಟ್ಟಬೇಡಿ. ಪುರಾಣದ ಅಸುರರಿಗೂ ಜನಪದದ ದೆವ್ವಗಳಿಗೂ ಯಾರ ಪರವಾನಗಿಯೂ ಬೇಕಿಲ್ಲ, ಆದರೆ ಇತ್ತೀಚಿನ ಯಾವುದಾದರೂ ಚಿತ್ರ, ಕಾಮಿಕ್ಸ್ ಅವಕ್ಕೆ ಕೊಟ್ಟ ರೂಪವನ್ನು ಹಾಗೇ ನಕಲು ಮಾಡುವಂತಿಲ್ಲ.